ಓರ್ವಿಲ್ ಕಾಫಿಯನ್ನು ಬೈಯದ ದಿನ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಒಳ್ಳೆಯವಳು ಎಂದುಕೊಳ್ಳುವುದು ಬೇಡ.

ಓಹಾಯೋದ ನಮ್ಮೂರಿನ ವೃದ್ಧಾಶ್ರಮದಲ್ಲಿ ಇಪ್ಪತ್ತೆರಡು ವರ್ಷದಿಂದ ಮುದುಕರಿಗೆ ಸ್ನಾನ ಮಾಡಿಸಿ, ಉಣಿಸಿ, ಮಲಗಿಸುವವಳು ನಾನು. ಮಾರೆನ್ ಎಂಬ ಹುಡುಗಿ ಕಾಲೇಜು ಮುಗಿಸಿ ಇದೇ ಕೆಲಸಕ್ಕೆ ಬಂದು ಮೂರು ವರ್ಷವಾಗಿತ್ತು. ಅವಳು ಉಳಿಯಲು ಬಂದವಳಲ್ಲ. ಫಿಸಿಷಿಯನ್ ಅಸಿಸ್ಟೆಂಟ್ ಆಗಬೇಕೆಂದಿದ್ದಳು, ಅಂದರೆ ಡಾಕ್ಟರ ಜೊತೆಗಿದ್ದು ರೋಗಿಗಳನ್ನು ಪರೀಕ್ಷಿಸಿ ಔಷಧಿ ಬರೆಯುವ ಕೆಲಸ. ಆ ಓದಿಗೆ ಸೀಟು ಬೇಕೆಂದರೆ ಮೊದಲು ರೋಗಿಗಳ ನಡುವೆ ಸಾವಿರಾರು ಗಂಟೆ ದುಡಿದಿರಬೇಕು. ಅವಳು ಐದು ಸಾವಿರ ದಾಟಿದ್ದಳು. ಆದರೂ ಎರಡು ವರ್ಷದಲ್ಲಿ ಹದಿನಾಲ್ಕು ಕಾಲೇಜುಗಳು ಬೇಡವೆಂದಿದ್ದವು. ಪಕ್ಕದ ಊರಿನದೊಂದು ಮಾತ್ರ ಕಾಯುವವರ ಪಟ್ಟಿಯಲ್ಲಿಟ್ಟು ಕೊನೆಗೆ ಕೈಬಿಟ್ಟಿತ್ತು. ಈ ಸಲ ಅಲ್ಲಿ ಆಗಲೇಬೇಕಿತ್ತು. ಅವಳ ಅಂಗರಚನಾಶಾಸ್ತ್ರದ ಅಂಕಗಳು ಮುಂದಿನ ವರ್ಷಕ್ಕೆ ಹಳತಾಗಿ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಅರ್ಜಿಗೆ ಇನ್ನು ಬೇಕಾಗಿ ಉಳಿದದ್ದು ಡೇಲ್ ವಿಟ್ಮರನ ಶಿಫಾರಸು ಪತ್ರ ಒಂದೇ. ಡೇಲ್ ನಮ್ಮಲ್ಲಿಗೆ ವಾರಕ್ಕೆ ಮೂರು ದಿನ ಬರುವ ಫಿಸಿಷಿಯನ್ ಅಸಿಸ್ಟೆಂಟ್. ಒಳ್ಳೆಯ ಮನುಷ್ಯ, ಅಂದರೆ ಯಾರಿಗೂ ಇಲ್ಲ ಅನ್ನದವನು, ಯಾವುದನ್ನೂ ಓದದವನು.

"ನೀನೇ ಬರ್ಕೊಂಡು ಬಾ, ಸಹಿ ಹಾಕಿ ಕಳಿಸ್ತೀನಿ" ಅಂದ. "ಹೋದ್ವರ್ಷ ಟೆಸ್ಸಾನೂ ಹಾಗೇ ಮಾಡಿದ್ಲು. ಅವಳದ್ದನ್ನೇ ಮಾದರಿಗೆ ಇಟ್ಕೋ."

ಟೆಸ್ಸಾ ನಮ್ಮಲ್ಲಿ ಎಂಟು ತಿಂಗಳು ಕೆಲಸ ಮಾಡಿ, ಈಗ ಅದೇ ಪಕ್ಕದೂರಿನ ಕಾಲೇಜಿನಲ್ಲಿ ಓದುತ್ತಿರುವ ಹುಡುಗಿ. ಮಾರೆನ್ ಆ ಪತ್ರವನ್ನು ಊಟದ ಬಿಡುವಿನಲ್ಲಿ ಓದಿದಳು. ಇನ್ನೊಮ್ಮೆ ಓದಿ ನನ್ನ ಕೈಗೆ ಕೊಟ್ಟಳು.

ಅದರಲ್ಲಿ ನಮ್ಮ ಓರ್ವಿಲ್ ಇದ್ದ. ಹಳೆಯ ಬಸ್ ಡ್ರೈವರು, ನಮ್ಮ ಕಾಫಿಯನ್ನು ಚರಂಡಿ ನೀರು ಎಂದು ಬೈಯದೆ ಒಂದು ಗುಟುಕೂ ಇಳಿಸದವನು. ಹೋದ ವರ್ಷ ಒಂದು ಬೆಳಿಗ್ಗೆ ಅವನು ಬೈಯಲಿಲ್ಲ, ಸುಮ್ಮನೆ ಕುಡಿದ. ಸದ್ಯ, ಪೀಡೆ ತಪ್ಪಿತು ಎಂದುಕೊಂಡು ನಾನು ಮುಂದಿನ ಟೇಬಲ್ಲಿಗೆ ಹೋದೆ. ಮಾರೆನ್ ಹೋಗಲಿಲ್ಲ. ಅವನ ಮುಂದೆ ಮಂಡಿಯೂರಿ, "ಎಲ್ಲಿ, ಒಂದ್ಸಲ ನಗಿ ನೋಡೋಣ" ಅಂದಳು. ಬಾಯಿ ಒಂದೇ ಕಡೆಗೆ ಎಳೆಯಿತು. ಪಾರ್ಶ್ವವಾಯು. ಅರ್ಧ ಗಂಟೆಯೊಳಗೆ ಆಸ್ಪತ್ರೆ ಸೇರಿದ್ದರಿಂದ ಮುದುಕ ಬದುಕಿಕೊಂಡ. ಪತ್ರದಲ್ಲಿ ಹಾಗೆ ಮಂಡಿಯೂರಿದವಳು ಟೆಸ್ಸಾ. ಆ ದಿನ ಟೆಸ್ಸಾಗೆ ರಜೆ ಇತ್ತು.

"ಬಿಡಿ ಲೊರೇನ್, ಬೇರೆ ಏನಾದ್ರೂ ಬರೀತೀನಿ" ಅಂದಳು ಮಾರೆನ್.

ನನಗೆ ಮೈ ಉರಿದುಹೋಯಿತು. "ಯಾಕೆ ಬಿಡ್ತೀಯ? ಕದ್ದೋಳು ಸೀಟು ಹಿಡ್ಕೊಂಡು ಕೂತಿದ್ದಾಳೆ, ಮಾಡಿದೋಳು ನಾಚ್ಕೋಬೇಕಾ? ಇದ್ದದ್ದನ್ನ ಇದ್ದ ಹಾಗೆ ಬರಿ."

"ಅದೇ ಕಾಲೇಜು, ಅದೇ ಸಹಿ. ಅವರಿಗೆ ಗೊತ್ತಾದ್ರೆ?"

"ಸಾವಿರ ಪತ್ರದಲ್ಲಿ ಯಾರಿಗೆ ನೆನಪಿರುತ್ತೆ, ಹುಚ್ಚಿ! ಗೊತ್ತಾದ್ರೆ ಇನ್ನೂ ಒಳ್ಳೇದೇ ಆಯ್ತು. ಡೇಲ್ ಇದ್ದಾನಲ್ಲ, ನಿಜ ಹೇಳ್ತಾನೆ."

ಎರಡು ದಿನ ಅವಳು ಒಪ್ಪಲಿಲ್ಲ. ನಾನು ಬಿಡಲಿಲ್ಲ. ಕೊನೆಗೆ ಬರೆದಳು. ಡೇಲ್ ಅದಕ್ಕೂ ಓದದೆ ಸಹಿ ಹಾಕಿದ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅಕ್ಟೋಬರಿನಲ್ಲಿ ಕಾಲೇಜಿನಿಂದ ನಾಲ್ಕು ಸಾಲಿನ ಉತ್ತರ ಬಂತು. ಹಿಂದಿನ ವರ್ಷದ ಅಭ್ಯರ್ಥಿಯೊಬ್ಬರ ಪತ್ರದಲ್ಲಿದ್ದ ಘಟನೆಯನ್ನು ನಕಲು ಮಾಡಿರುವುದು ಕಂಡುಬಂದಿದೆ, ಅರ್ಜಿಯನ್ನು ತಿರಸ್ಕರಿಸಲಾಗಿದೆ, ಇನ್ನು ಮುಂದೆಯೂ ಪರಿಗಣಿಸುವುದಿಲ್ಲ.

ನಾನು ನೇರವಾಗಿ ಡೇಲ್ ಹತ್ತಿರ ಹೋದೆ. "ಫೋನ್ ಮಾಡು. ಅವತ್ತು ಅಲ್ಲಿದ್ದೋಳು ಮಾರೆನ್ ಅಂತ ಹೇಳು, ಅಷ್ಟೇ ಸಾಕು."

ಅವನು ಎದ್ದು ಬಾಗಿಲು ಮುಚ್ಚಿದ. "ಹಾಗಂದ್ರೆ ಹೋದ್ವರ್ಷ ನಾನು ಸುಳ್ಳಿಗೆ ಸಹಿ ಹಾಕಿದೆ ಅಂತ ಆಗುತ್ತೆ, ಲೊರೇನ್. ನನ್ನ ಲೈಸೆನ್ಸು ಏನಾಗ್ಬೇಕು? ಮನೇಲಿ ಎರಡು ಮಕ್ಕಳಿದಾವೆ."

"ಮತ್ತೆ ಅವಳು?"

"ಅವಳಿನ್ನೂ ಚಿಕ್ಕೋಳು. ಏನೋ ಒಂದು ದಾರಿ ನೋಡ್ಕೋತಾಳೆ."

ನಾನೇ ಕಾಲೇಜಿಗೆ ಬರೆದೆ, ಎರಡು ಸಲ. ಉತ್ತರ ಬರಲಿಲ್ಲ. ಮುದುಕರ ಅಂಡು ತೊಳೆಯುವವಳ ಸಾಕ್ಷಿ ಯಾರಿಗೆ ಬೇಕು? ಮಾರೆನ್‌ಗೆ ಬುದ್ಧಿ ಹೇಳುವಾಗ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಅದಕ್ಕೇ ಅಷ್ಟು ಧೈರ್ಯವಾಗಿ ಹೇಳಿದ್ದೆ. ಅದು ನೆನಪಾದಾಗಲೆಲ್ಲ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮಾರೆನ್ ಅಳಲಿಲ್ಲ. ತಿರಸ್ಕಾರದ ಪತ್ರ ಬಂದ ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಕೆಲಸಕ್ಕೆ ಬಂದಳು. ಮಿಸೆಸ್ ಹ್ಯಾಸ್ಕೆಲ್ ಭಾರೀ ಹೆಂಗಸು, ಅವರನ್ನು ಹಾಸಿಗೆಯಿಂದ ಕುರ್ಚಿಗೆ ಇಳಿಸಲು ಇಬ್ಬರು ಬೇಕು. ಮೂರು ವರ್ಷದಿಂದ ಅದು ನಮ್ಮಿಬ್ಬರದೇ ಕೆಲಸ, ಒಬ್ಬರ ಕೈ ಎಲ್ಲಿರುತ್ತದೆಂದು ಇನ್ನೊಬ್ಬರು ನೋಡಬೇಕಾಗಿಯೂ ಇರಲಿಲ್ಲ. ನಾನು ಹೋಗಿ ನನ್ನ ಕಡೆ ನಿಂತೆ. ಮಾರೆನ್ ಒಮ್ಮೆ ನನ್ನನ್ನು ನೋಡಿದಳು.

"ನಿಮಗ್ಯಾಕೆ ತೊಂದರೆ, ಪಕ್ಕದ ವಾರ್ಡಿನ ಬೆಟೀನಾನ ಕರ್ಕೊಂಡು ಬರ್ತೀನಿ" ಎಂದು ಮೆಲ್ಲಗೆ ಹೇಳಿ ಹೊರಟುಹೋದಳು.

ಅವರಿಬ್ಬರೂ ಬರುವವರೆಗೆ ನಾನು ಮಿಸೆಸ್ ಹ್ಯಾಸ್ಕೆಲ್ ಅವರ ಕೈ ಹಿಡಿದುಕೊಂಡು ನಿಂತಿದ್ದೆ.