ಉಳ್ಳವರ ಊರು

ಬ್ರಿಟಿಷ್ ಕಮಿಷನರ್ ಸಾಹೇಬರು ಚೀಸ್ ಭಾನುವಾರವೇ ಬರುತ್ತಾರೆಂದು ತಿಳಿದಾಗ ಊರಿನ ಮುಖ್ಯಸ್ಥ, ಮುಕ್ತಾರ ಪ್ರೊಕೋಪಿಸ್, ಹಿಗ್ಗಿ ಹೀರೇಕಾಯಿಯಾದ. ಮಾರನೆಯ ದಿನದಿಂದ ಈಸ್ಟರ್‌ವರೆಗೆ ಮಾಂಸ, ಹಾಲು ಮುಟ್ಟದ ದೊಡ್ಡ ಉಪವಾಸ. ಆ ಭಾನುವಾರ ಸೈಪ್ರಸ್ಸಿನಲ್ಲಿ ಎಂಥ ಬಡವರ ಮನೆಯಲ್ಲೂ ಎಣ್ಣೆ ಬಾಣಲೆ ಒಲೆಯಿಂದ ಇಳಿಯುವುದಿಲ್ಲ.

"ಸಾಹೇಬನ ಹೊಟ್ಟೆ ತಣ್ಣಗಾದ್ರೆ ಸೇತುವೆ ಬಂದ ಹಾಗೇ ಕಣೇ," ಎಂದ ಹೆಂಡತಿ ಥೆಕ್ಲಾಗೆ. "ತುರ್ಕರ ಕಾಲದಲ್ಲಿ ನಮ್ಮಪ್ಪ ಪಾಶಾಗೆ ಬಡಿಸೀ ಬಡಿಸೀ ಬಾವಿ ತೋಡಿಸ್ಕೊಂಡ."

ಸೇತುವೆ ಊರಿಗೆಲ್ಲ ಬೇಕಿತ್ತು. ಥೆಕ್ಲಾಗೆ ಬೇಕಾಗಿದ್ದ ಕಾರಣ ಬೇರೆ. ಮಗಳು ಮಿಲಿಯಾಳನ್ನು ಹೊಳೆಯಾಚೆಯ ಊರಿಗೆ ಕೊಟ್ಟಿದ್ದರು. ಹೋದ ಚಳಿಗಾಲದ ಮಳೆಯಲ್ಲಿ ಅವಳಿಗೆ ಹೆರಿಗೆ ನೋವು ಬಂದಾಗ ಹೊಳೆ ತುಂಬಿ ಹರಿಯುತ್ತಿತ್ತು. ಆಚೆ ದಡದಲ್ಲಿ ಅಳಿಯ ಕೈ ಬೀಸಿ ಕೂಗುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ನೀರಿಳಿದು ಥೆಕ್ಲಾ ದಾಟುವ ಹೊತ್ತಿಗೆ ಕೂಸನ್ನು ಮಣ್ಣು ಮಾಡಿಯಾಗಿತ್ತು. "ಈಗ ಬಂದ್ಯಾ ಅಮ್ಮ?" ಎಂದಿದ್ದಳು ಮಿಲಿಯಾ, ಗೋಡೆಯ ಕಡೆಯಿಂದ ಮುಖ ತಿರುಗಿಸದೆ.

ಹಾಗಾಗಿ ಥೆಕ್ಲಾ ಮೈಮುರಿದು ದುಡಿದಳು. ಹಲ್ಲೂಮಿ ಚೀಸ್ ತುಂಬಿದ ಕಡುಬು, ಜೇನು ಸುರಿದ ಚೀಸಿನ ಕರಿಗಡುಬು, ಕಹಿಕಿತ್ತಳೆ ಸಿಪ್ಪೆಯ ಮುರಬ್ಬ. ಮೊಮ್ಮಗುವಿಗೆಂದು ನೇಯ್ದಿಟ್ಟಿದ್ದ ರೇಷ್ಮೆ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದಳು. ಬೆಳ್ಳಿ ಚಮಚಗಳನ್ನು ಮಾತ್ರ ಪಕ್ಕದ ಅಲೋನಿ ಊರಿನ ಪಾದ್ರಿಯ ಹೆಂಡತಿಯಿಂದ ಕೇಳಿ ತಂದಳು.

ಸಾಹೇಬ ಬಡಕಲು ಮನುಷ್ಯ. ಕಣ್ಣಲ್ಲಿ ನಿದ್ದೆಯಿರಲಿಲ್ಲ. ಅವನ ಜೊತೆ ಬಂದಿದ್ದ ದುಭಾಷಿ ಎರಡನೇ ಲೋಟ ವೈನಿಗೆ ಸಡಿಲಾದ.

"ಇವರ ಕಷ್ಟ ನಿಮಗೇನು ಗೊತ್ತು ಮುಕ್ತಾರರೇ? ಬಂದ ಸುಂಕದಲ್ಲಿ ಮೊದಲು ಸುಲ್ತಾನನ ಹೆಸರಿನ ಕಪ್ಪ ತೆಗೆದಿಡಬೇಕು. ಅದು ಸುಲ್ತಾನನನ್ನೂ ಮುಟ್ಟಲ್ಲ, ಹಳೇ ಸಾಲಕ್ಕೆ ಅಂತ ಲಂಡನ್ನಲ್ಲೇ ಇಳಿದುಬಿಡುತ್ತೆ. ಆಮೇಲೆ ಸಂಬಳ. ಆಯ-ವ್ಯಯ ಸರಿದೂಗಿಸಿ ಉಳಿದಿರೋದು ಒಂದೇ ಸೇತುವೆಯಷ್ಟು. ಕೇಳ್ತಿರೋದು ಎರಡು ಊರು: ನಿಮ್ಮ ಹೊಳೆಗೆ ನೀವು, ಗುಡ್ಡದಾಚೆಯ ಹಳ್ಳಕ್ಕೆ ಅಲೋನಿಯವರು."

"ಹಾಗಾದ್ರೆ ಇನ್ನೊಂದು ಕಡುಬು ಹಾಕೇ!" ಎಂದ ಪ್ರೊಕೋಪಿಸ್.

ಸಾಹೇಬ ಚಮಚವನ್ನು ತಿರುಗಿಸಿ ನೋಡಿದ. ರೇಷ್ಮೆಯನ್ನು ಬೆರಳಿಂದ ಮುಟ್ಟಿದ. ಏನೋ ಕೇಳಿದ.

"ಇದೆಲ್ಲ ನಿಮ್ಮದೇನಮ್ಮ ಅಂತಾರೆ," ಎಂದ ದುಭಾಷಿ.

ಥೆಕ್ಲಾ ಗಂಡನ ಮುಖ ನೋಡಿದಳು. ಎರವಲು ತಂದ ಚಮಚದಲ್ಲಿ ತಿನ್ನಿಸಿದೆವೆಂದು ಅತಿಥಿಗೆ ಹೇಳುವುದೂ ಅವನ ಬಾಯಿಂದ ತುತ್ತು ಕಿತ್ತುಕೊಳ್ಳುವುದೂ ಒಂದೇ. ಅವಳ ಅಮ್ಮ ಹೇಳುತ್ತಿರಲಿಲ್ಲ, ಅಜ್ಜಿ ಹೇಳುತ್ತಿರಲಿಲ್ಲ.

"ನಮ್ಮದೇ ಸ್ವಾಮಿ. ದೇವರು ಕೊಟ್ಟಿದ್ದಾನೆ. ಇನ್ನೊಂದು ಹಾಕ್ಲಾ?"

ಸಾಹೇಬ ತಲೆದೂಗಿ ನಕ್ಕ. ಹೋಗುವಾಗ ಅವಳ ಕೈ ಕುಲುಕಿದ. ಆ ಸಂಜೆಯೆಲ್ಲ ಥೆಕ್ಲಾಗೆ ಹೊಳೆಯ ಮೇಲೆ ಕಲ್ಲಿನ ಕಮಾನು ಕಾಣುತ್ತಿತ್ತು.

ಮರುದಿನ, ಉಪವಾಸದ ಮೊದಲ ಸೋಮವಾರ, ಸಾಹೇಬ ಅಲೋನಿಗೆ ಹೋದ. ಆ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಊರಿಗೆ ಊರೇ ಹೊಲಕ್ಕೆ ಹೋಗಿ, ಬರಿ ನೆಲದ ಮೇಲೆ ಕೂತು, ರೊಟ್ಟಿ, ಆಲಿವ್, ಹಸಿ ಈರುಳ್ಳಿ, ಬದುವಿನಲ್ಲಿ ಕಿತ್ತ ಸೊಪ್ಪು ತಿಂದು ಹಾಡುತ್ತದೆ. ಇವರೂ ಹಾಗೇ ಮಾಡುತ್ತಾರೆ, ಅಲೋನಿಯವರೂ ಹಾಗೇ ಮಾಡುತ್ತಾರೆ. ಸಾಹೇಬನಿಗೆ ಅದನ್ನು ಯಾರೂ ಹೇಳಲಿಲ್ಲ. ದುಭಾಷಿ ಹಿಂದಿನ ದಿನದ ಕಡುಬಿನ ಹೊಟ್ಟೆನೋವಿಗೆ ಮಲಗಿದ್ದನಂತೆ.

ಉಪವಾಸ ಮುಗಿಯುವ ಮೊದಲೇ ತೀರ್ಮಾನ ಬಂತು. ದುಭಾಷಿ ಚರ್ಚಿನ ಅಂಗಳದಲ್ಲಿ ನಿಂತು ಓದಿದ: ಸೊಪ್ಪು ತಿಂದು ಬದುಕುವ ಅಲೋನಿಗೆ ಸರ್ಕಾರದ ಸೇತುವೆ. ಈ ಊರು ಅನುಕೂಲವಾಗಿರುವುದರಿಂದ ತನ್ನ ಸೇತುವೆಯನ್ನು ತಾನೇ ಕಟ್ಟಿಕೊಳ್ಳಬಹುದು.

ಥೆಕ್ಲಾ ಅಂದೇ ಚಮಚಗಳನ್ನು ಒರೆಸಿ ಅಲೋನಿಗೆ ಹೊತ್ತೊಯ್ದಳು.

"ನಾವೇನೂ ನಾಟಕ ಆಡಲಿಲ್ಲ ಕಣೇ ತಂಗಿ," ಎಂದಳು ಪಾದ್ರಿಯ ಹೆಂಡತಿ. "ನಾನು ಈರುಳ್ಳೀನ ಗುದ್ದಿ ಒಡೀತಿದ್ದೆ. ಆ ಸಾಹೇಬ ನೋಡಿ ಕಣ್ಣೊರೆಸ್ಕೊಂಡ. ಘಾಟಿಗೆ ಅಂದ್ಕೊಂಡೆ." ನಗು ಬಂದದ್ದನ್ನು ನುಂಗಿಕೊಂಡಳು. "ಹಾಗೇ ಹೋಗಬೇಡ, ಬಾಯಿಗಿಷ್ಟು ಹಾಕ್ಕೋ."

ಅದೇ ಬೆಳ್ಳಿ ಚಮಚ, ಅದೇ ಕಹಿಕಿತ್ತಳೆ ಮುರಬ್ಬ. ಬೇಡವೆನ್ನುವಂತಿರಲಿಲ್ಲ. ಥೆಕ್ಲಾ ನುಂಗಿದಳು.

ಕಾಫಿ ಅಂಗಡಿಯಲ್ಲಿ ಪ್ರೊಕೋಪಿಸ್ ಮೊದಲ ಎರಡು ದಿನ ಸಿಡುಕಿದ. ಆಮೇಲೆ ಮೀಸೆ ತಿರುವತೊಡಗಿದ. "ಸರ್ಕಾರವೇ ಬರೆದುಕೊಟ್ಟಿದೆ ಕಣ್ರಯ್ಯ, ನಾವು ಉಳ್ಳವರು ಅಂತ. ಅಲೋನಿಯವರು ತಿರುಪೆ ಸೇತುವೆ ಮೇಲೆ ಓಡಾಡ್ಲಿ ಬಿಡಿ." ಸೇತುವೆಗೆಂದು ಒಬ್ಬನೂ ಕಲ್ಲೊಂದನ್ನು ತಂದು ಹಾಕಲಿಲ್ಲ.

ಬೇಸಿಗೆಯಲ್ಲಿ ಮಿಲಿಯಾ ಮತ್ತೆ ಬಸುರಿಯೆಂದು ಸುದ್ದಿ ಬಂತು. ಕ್ರಿಸ್‌ಮಸ್ ಹೊತ್ತಿಗೆ ದಿನ ತುಂಬುತ್ತದೆ.

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ, ಆಕಾಶದಲ್ಲಿ ಚಳಿಗಾಲದ ಮಳೆಮೋಡ ಕಾಣುವ ಮೊದಲೇ, ಥೆಕ್ಲಾ ಗಂಟು ಕಟ್ಟಿದಳು. ಮೇಜಿಗೆ ಹಾಸಿದ್ದ ರೇಷ್ಮೆಯಲ್ಲಿ ಜೇನಿನ ಕಲೆ ಹೋಗಿರಲಿಲ್ಲ. ಅದನ್ನೂ ಮಡಿಸಿ ಇಟ್ಟಳು. ಬೀಗಿತ್ತಿ ಹಂಗಿಸುತ್ತಾಳೆ, ಚಳಿಗಾಲವೆಲ್ಲ ಹಂಗಿಸುತ್ತಾಳೆ. ಹಂಗಿಸಲಿ.

"ಇದೇನೇ ಈಗಲೇ ಹೊರಟೆ? ಮಗು ಹುಟ್ಟೋದು ಯಾವಾಗಲೋ! ಅಷ್ಟು ದಿನ ನನಗೆ ಬೇಯಿಸಿ ಹಾಕೋರು ಯಾರು?" ಎಂದ ಪ್ರೊಕೋಪಿಸ್.

"ಉಳ್ಳವರಲ್ವಾ ಮುಕ್ತಾರರೇ," ಎಂದಳು ಥೆಕ್ಲಾ. "ಆಳಿಟ್ಕೊಳ್ಳಿ."

ಹೊಳೆಯಲ್ಲಿ ಹನಿ ನೀರಿರಲಿಲ್ಲ. ಲಂಗ ಎತ್ತದೆಯೇ ಅವಳು ಆ ಒಣಕಲ್ಲುಗಳ ಮೇಲೆ ನಡೆದು ಆಚೆ ದಡ ಹತ್ತಿದಳು.