ತಲೆಗೊಂದು ದೊನ್ನೆ

ಕುಸುಮಾವತಿ ಹಿತ್ತಲ ಬೇಲಿ ಹಾರಿ ಬಂದಾಗ ಅವಳ ಮುಂದಿನ ಎರಡು ಹಲ್ಲು ಇರಲಿಲ್ಲ. ಒಂದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಬಂದಿದ್ದಳು. ಅಂದು ಮೊಂತಿ ಹಬ್ಬ, ಕ್ರೈಸ್ತರ ಹೊಸತೆನೆಯ ಹಬ್ಬ. ಸೆವ್ರಿನ್ ಬಾಯಿ ಆಗಷ್ಟೇ ಇಗರ್ಜಿಯಿಂದ ಬಂದು, ಪಾದ್ರಿಗಳು ಆಶೀರ್ವದಿಸಿ ಕೊಟ್ಟ ಹೊಸ ಭತ್ತದ ತೆನೆಗಳನ್ನು ಮಾತೆಯ ಪಟದ ಮುಂದೆ ಇಟ್ಟಿದ್ದಳು. ಏನಾಯಿತೆಂದು ಅವಳು ಕೇಳಲಿಲ್ಲ. ಪಕ್ಕದ ಮನೆಯ ಭೋಜರಾಜ ಹೆಂಡತಿಗೆ ಹೊಡೆಯುವ ಸದ್ದು ತೆಕ್ಕಟ್ಟೆಯ ಆ ಓಣಿಯಲ್ಲಿ ಎಲ್ಲರಿಗೂ ಕೇಳುತ್ತಿತ್ತು. ಕೇಳಿಸದವರಂತೆ ಇರುವುದರಲ್ಲಿ ಓಣಿಗೆ ಓಣಿಯೇ ಪಳಗಿತ್ತು.

“ಇವತ್ತ್ ಕತ್ತಿ ತೆಗ್ದ ಬಾಯಮ್ಮ. ಸಿಕ್ರೆ ಕಡಿತ,” ಎಂದಳು ಕುಸುಮಾವತಿ.

ಸೆವ್ರಿನ್ ಬಾಯಿ ಅವಳನ್ನು ಅಡುಗೆಮನೆಯ ಮೂಲೆಯಲ್ಲಿ ಕೂರಿಸಿ, ಉಪ್ಪುನೀರು ಕೊಟ್ಟು, ಮಗ ರೋಹನನಿಗೆ ಫೋನು ಮಾಡಿದಳು. ಅವನು ಬೈಂದೂರಿನಲ್ಲಿದ್ದ. ಪೊಲೀಸರನ್ನು ಕರೆದುಕೊಂಡೇ ಬರುತ್ತೇನೆ, ಒಂದು ಗಂಟೆ ಬೇಕು ಎಂದ. ಆ ಒಂದು ಗಂಟೆ ಕುಸುಮಾವತಿ ಇಲ್ಲಿರುವುದು ಗಂಡನಿಗೆ ತಿಳಿಯದಿದ್ದರೆ ಅವಳು ಬದುಕಿದಳು.

ಆದರೆ ಹಬ್ಬ ಹಬ್ಬವೇ. ಒಂದೇ ಬಾವಿಯ ನೀರು ಕುಡಿಯುವ ಮನೆಗಳಿಗೆ ಹೊಸಕ್ಕಿ ಪಾಯಸ ಹೋಗದೆ ಈ ಮನೆಯಲ್ಲಿ ಊಟಕ್ಕೆ ಕೂರುವಂತಿಲ್ಲ. ತೀರಿಹೋದ ಗಂಡ ಸಾಲ್ವದೋರ್ ಮಾಡಿಟ್ಟ ಕಟ್ಟಳೆ ಅದು: ತಲೆಗೊಂದು ದೊನ್ನೆ, ದೊನ್ನೆಯ ಮೇಲೊಂದು ತೆನೆ. ಬೇಲಿಯ ತಕರಾರಿನಲ್ಲಿ ಮಾತು ಬಿಟ್ಟ ವರ್ಷವೂ ದೊನ್ನೆ ತಪ್ಪಿರಲಿಲ್ಲ.

“ಅವ್ನಿಗೂ ಕೊಡ್ತ್ರಾ?” ಕುಸುಮಾವತಿ ಬೆಚ್ಚಿದಳು.

“ಅವ ಕೆಟ್ಟವ ಆಪ್ದ್ ಬೇರೆ, ಅವಂಗೆ ಹಸಿವಾಪ್ದ್ ಬೇರೆ. ದೇವ್ರ್ ಕೊಟ್ಟದ್ದನ್ನ್ ನಾ ತಡುಕಾಗ. ಕೊಡ್ದಿರೆ ಸಂಶಯವೂ ಬತ್ತ್.”

ದೊನ್ನೆಯನ್ನು ಭೋಜರಾಜನ ಜಗಲಿಯ ಮೇಲಿಟ್ಟು, “ಹ್ವಾಯ್ ಭೋಜ, ಹಬ್ಬದ ಪಾಯಸ,” ಎಂದು ಕೂಗಿ ಅವಳು ಹಿಂದಿರುಗಿದಳು. ಗಂಡಾಂತರ ಕಳೆಯಿತು ಅಂದುಕೊಂಡು ಅನ್ನ ಬಸಿದಳು. ಹಬೆಯಾಡುವ ಗಂಜಿತಿಳಿಯ ಪಾತ್ರೆಯನ್ನು ಒಲೆಯ ಬದಿಗೆ ಇಟ್ಟಳು.

ಅಷ್ಟರಲ್ಲಿ ಭೋಜರಾಜ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಿದ್ದ. ಎಡಗೈಯಲ್ಲಿ ದೊನ್ನೆ, ಬಲಗೈಯಲ್ಲಿ ಕತ್ತಿ.

“ಪ್ರತಿ ವರ್ಷ ಎರ್ಡ್ ಬತ್ತಿತ್ತ್ ಬಾಯಮ್ಮ. ಈ ವರ್ಷ ಒಂದೇ ಎಂತಕ್ಕೆ?”

ಸೆವ್ರಿನ್ ಬಾಯಿಯ ಕಣ್ಣು ಒಲೆಯತ್ತ ಹೋಯಿತು. ಇನ್ನೊಂದು ದೊನ್ನೆ ಒಲೆಯ ದಂಡೆಯ ಮೇಲಿತ್ತು. ಕುಸುಮಾವತಿ ಇಲ್ಲಿದ್ದಾಳೆ, ಅವಳ ಪಾಲು ಇಲ್ಲಿ ಎಂದು ಮೂವತ್ತು ವರ್ಷದ ಅಭ್ಯಾಸದಲ್ಲಿ ಕೈ ತಾನಾಗಿಯೇ ಎಣಿಸಿಬಿಟ್ಟಿತ್ತು. ಅಯ್ಯೋ ನನ್ನ ಬುದ್ಧಿಗಿಷ್ಟು ಮಣ್ಣು ಹಾಕ, ಅನ್ನಿಸಿತು ಅವಳಿಗೆ.

ಅವಳು ಹೊಸ್ತಿಲಲ್ಲಿ ಎರಡೂ ಕೈ ಚಾಚಿ ನಿಂತಳು. “ಒಳ್ಗೆ ಬಪ್ಪುಕಾಗ, ಭೋಜ.”

ಅವನು ದೊನ್ನೆಯನ್ನು ಅವಳ ಮುಖಕ್ಕೆ ಎಸೆದ. ಕತ್ತಿ ಬೀಸಿದ. ಅಡ್ಡ ಬಂದ ಮುಂಗೈ ಬಾಳೆದಿಂಡಿನಂತೆ ಸೀಳಿಕೊಂಡಿತು. ಅವಳು ಕುಸಿದಳು. ಅವನು ಅವಳ ಎದೆಗೆ ಒದ್ದು, ಅವಳನ್ನು ದಾಟಿ, ಹೆಂಡತಿಯ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಬಡಿದ, ಮತ್ತೆ ಬಡಿದ. ಕುಸುಮಾವತಿಯ ಕೈಗೆ ತಿಳಿಯ ಪಾತ್ರೆ ಸಿಕ್ಕಿತು. ಅಷ್ಟನ್ನೂ ಅವನ ಮುಖಕ್ಕೆ ಎರಚಿದಳು.

ಅವನು ಹಂದಿಯ ಹಾಗೆ ಕಿರುಚುತ್ತ ನೆಲದಲ್ಲಿ ಹೊರಳಿದ. ಕಣ್ಣು ಬಿಡಲಾಗಲಿಲ್ಲ. ಕತ್ತಿ ಈಗ ಕುಸುಮಾವತಿಯ ಕೈಯಲ್ಲಿತ್ತು.

ಸೆವ್ರಿನ್ ಬಾಯಿ ಗೋಡೆ ಹಿಡಿದು ಎದ್ದಳು. ಒಂದೇ ಕೈಯಲ್ಲಿ ಕೊಡ ಬಗ್ಗಿಸಿ ಅವನ ಮುಖಕ್ಕೆ ತಣ್ಣೀರು ಹೊಯ್ದಳು.

“ನೀರ್ ಹಾಕ್ಬೇಡಿ. ಬದಿಗ್ ಹೋಯಿನಿ ಬಾಯಮ್ಮ.” ಕುಸುಮಾವತಿಯ ದನಿಯಲ್ಲಿ ನಡುಕವಿರಲಿಲ್ಲ. “ಹದ್ನಾಲ್ಕ್ ವರ್ಷ ಆಯ್ತ್. ಇವತ್ತ್ ಮುಗಿಸ್ತೆ.”

ಸೆವ್ರಿನ್ ಬಾಯಿ ಬದಿಗೆ ಹೋಗಲಿಲ್ಲ. ಅವನು ಸತ್ತರೆ ಅವಳಿಗೇನೂ ದುಃಖವಿರಲಿಲ್ಲ. ಅದನ್ನು ಪಾಪನಿವೇದನೆಯಲ್ಲಿ ಹೇಳಿದರಾಯಿತು. ಆದರೆ ಹದಿನಾಲ್ಕು ವರ್ಷ ಪೆಟ್ಟು ತಿಂದವಳು ಇನ್ನು ಹದಿನಾಲ್ಕು ವರ್ಷ ಜೈಲಿನ ಅನ್ನ ತಿನ್ನಬೇಕೇ? ಅವನಿಗೆ ಬೆನ್ನು ಹಾಕಿ, ಇಬ್ಬರ ನಡುವೆ ನಿಂತಳು.

“ನೀ ಬೆಳಿಗ್ಗೆಯಿಂದ ಎಂತ ತಿಂದೆ?”

ಕತ್ತಿ ಮೇಲೆಯೇ ಇತ್ತು. ಸೆವ್ರಿನ್ ಬಾಯಿ ದಂಡೆಯ ಮೇಲಿನ ದೊನ್ನೆಯನ್ನು ಎತ್ತಿ ಮುಂದೆ ಹಿಡಿದಳು. ಒಂದೇ ಕೈಯ ಹಿಡಿತದಲ್ಲಿ ಪಾಯಸ ತುಳುಕುತ್ತಿತ್ತು.

“ನಿನ್ನ್ ಪಾಲ್. ಎರ್ಡೂ ಕೈಯಗೆ ಹಿಡ್ಕೋ, ಚೆಲ್ಲತ್ತ್.”

ಹದಿನಾಲ್ಕು ವರ್ಷವೂ ಕುಸುಮಾವತಿ ಈ ದೊನ್ನೆಯನ್ನು ಎರಡೂ ಕೈ ಒಡ್ಡಿಯೇ ತೆಗೆದುಕೊಂಡಿದ್ದಳು. ಅವಳು ದೊನ್ನೆಯನ್ನು ನೋಡಿದಳು, ಮುದುಕಿಯ ಮೊಣಕೈಯಿಂದ ನೆಲಕ್ಕೆ ಇಳಿಯುತ್ತಿದ್ದ ರಕ್ತವನ್ನು ನೋಡಿದಳು. ಕತ್ತಿ ಠಣ್ಣೆಂದು ಬಿತ್ತು. ಎರಡೂ ಕೈ ಒಡ್ಡಿದಳು.

ಹಲ್ಲು ಹೋದ ವಸಡಿಗೆ ಪಾಯಸ ಉರಿಯಿತು. ಅಳುತ್ತಲೇ ಕುಡಿದಳು. ಸೆವ್ರಿನ್ ಬಾಯಿ ಕತ್ತಿಯನ್ನು ಕಾಲಿನಿಂದ ಒಲೆಯಡಿಗೆ ತಳ್ಳಿ, ಕೊಡದಲ್ಲಿ ಉಳಿದಿದ್ದ ನೀರನ್ನು ಭೋಜರಾಜನ ಮುಖಕ್ಕೆ ಸುರಿದಳು.