ಅಮ್ಮನ ಪಡಸಾಲೆಯ ಓರೆ ಮೂಲೆ

ಫ್ರೀಟೌನ್‌ನ ನಮ್ಮ ಹಲಗೆ ಮನೆಗಳಲ್ಲಿ ನೆಟ್ಟಗಿರುವ ಮೂಲೆ ಹುಡುಕಿದರೂ ಸಿಗದು. ಬೆಟ್ಟದ ಇಳಿಜಾರಿನಲ್ಲಿ ನಿಂತ ಮನೆಗಳು, ಮಳೆಗಾಲಕ್ಕೊಮ್ಮೆ ಒಂದಿಷ್ಟು ವಾಲುತ್ತವೆ. ಅಂಥಲ್ಲಿ ಗೋಡೆ ಚಾವಣಿಗೆ ತಾಗುವ ಕಡೆ ಮರದ ಅಂಚುಪಟ್ಟಿ ಕೂರಿಸಲು ಅಪ್ಪನೇ ಬೇಕು. ಊರಿಗೆಲ್ಲ ಕೂರಿಸಿದ ಮಹಾರಾಯ ನಮ್ಮ ಪಡಸಾಲೆಯ ಕಿಟಕಿ ಮೂಲೆಯನ್ನು ಮಾತ್ರ ಮೂವತ್ತು ವರ್ಷ ಹಾಗೇ ಬಿಟ್ಟಿದ್ದ. ಅಲ್ಲಿ ಗೋಡೆಯೂ ಓರೆ, ಚಾವಣಿಯೂ ಇಳಿಜಾರು.

"ಊರವರ ಮನೆ ಚೆಂದ ಮಾಡು. ನನ್ನ ತಲೆ ಮೇಲೆ ಹಲ್ಲಿ ಇಣುಕ್ಲಿ," ಎಂದು ಅಮ್ಮ ಹಂಗಿಸುತ್ತಿದ್ದಳು.

ಅಮ್ಮ ತೀರಿಕೊಂಡು ವರ್ಷ ತುಂಬಿತು. ಸತ್ತವರು ಮನೆಗೆ ಬಂದು ಉಣ್ಣುವ ಅವುಜೋ ಊಟದ ಹೊತ್ತಿಗೆ ಆ ಮೂಲೆ ಮುಚ್ಚಲೇಬೇಕೆಂದು ಅಪ್ಪ ಹಟ ಹಿಡಿದ. ನಡುಗುವ ಕೈಯಲ್ಲೇ ತಿಂಗಳುಗಟ್ಟಲೆ ಕೂತು ಒಂದು ಪಟ್ಟಿ ಕೀಸಿದ. ಇದ್ದದ್ದು ಅದೊಂದೇ.

ಅವುಜೋದ ಬೆಳಿಗ್ಗೆ ಹೆಂಗಸರು ಪಡಸಾಲೆಯಲ್ಲಿ ಅಲಸಂದೆ ಆರಿಸುತ್ತಿದ್ದರು. "ಭಾವ, ಇವತ್ತಾದ್ರೂ ಮುಗಿಯುತ್ತಾ? ಅಕ್ಕ ಬಂದು ಮೊದ್ಲು ಅಲ್ಲೇ ನೋಡೋದು!" ಎಂದಳು ಒಲಿವೆಟ್ ಚಿಕ್ಕಮ್ಮ.

"ನಿನ್ನ ಬಾಯಿ ಮುಚ್ಚೋಕೂ ಒಂದು ಪಟ್ಟಿ ಮಾಡ್ತೀನಿ, ಇರು," ಎಂದ ಅಪ್ಪ.

ಓರೆ ಕೊಯ್ಯುವ ಅಚ್ಚಿನಲ್ಲಿ ಪಟ್ಟಿಯನ್ನು ತಲೆಕೆಳಗು ಇಡಬೇಕು, ಚಾವಣಿಗೆ ತಾಗುವ ಅಂಚು ಅಡಿಗೆ. ಇಪ್ಪತ್ತು ವರ್ಷ ಜೊತೆಯಲ್ಲಿ ದುಡಿದ ನನಗೆ ಅದನ್ನು ಕಲಿಸಿದವನೇ ಅಪ್ಪ. ಆದರೆ ಅವತ್ತು ಅವನೇ ಪಟ್ಟಿಯನ್ನು ನೆಟ್ಟಗೆ ಇಟ್ಟು ಗರಗಸ ಎತ್ತಿದ. ಹಾಗೆ ಕೊಯ್ದರೆ ಇದ್ದೊಂದು ಪಟ್ಟಿಯೂ ಹಾಳು.

"ಅಪ್ಪಾ, ಉಲ್ಟಾ ಇಟ್ಟಿಲ್ಲ ನೀನು!" ಎಂದು ಕೂಗಿಬಿಟ್ಟೆ.

"ಅಯ್ಯೋ ಭಾವ, ಈಗ ಮಗಳ ಹತ್ರ ಪಾಠನಾ?" ಎಂದಳು ಚಿಕ್ಕಮ್ಮ. ಎಲ್ಲರೂ ನಕ್ಕರು.

ಅಪ್ಪ ಪಟ್ಟಿಯನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಗರಗಸವನ್ನು ನನ್ನ ಕೈಗಿಟ್ಟ. "ಹೌದಲ್ವಾ ಇಯಮಿಡೆ. ನೀನೇ ಕುಯ್ಯಮ್ಮ."

ಚೂರು ಮರದಲ್ಲಿ ನಾಲ್ಕು ಸಲ ಕೊಯ್ದು ನೋಡಿ, ಐದನೆಯದಕ್ಕೆ ಪಟ್ಟಿ ಕೊಯ್ದೆ. ಕೂದಲೂ ತೂರದಂತೆ ಕೂತಿತು. ಹೆಂಗಸರು ಚಪ್ಪಾಳೆ ತಟ್ಟಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಅಪ್ಪನ ಮುಖ ನೋಡಲೇ ಇಲ್ಲ.

ಆ ದಿನದಿಂದ ಅಪ್ಪ ಗರಗಸ ಮುಟ್ಟಲಿಲ್ಲ. ಕೆಲಸ ಕೇಳಿ ಬಂದವರಿಗೆ, "ಮಗಳನ್ನ ಕೇಳಿ," ಎನ್ನುತ್ತಿದ್ದ. ಎರಡು ವರ್ಷ ಕಿಟಕಿಯ ಬಳಿ ಸುಮ್ಮನೆ ಕೂತು, ಹೋಗಿಬಿಟ್ಟ.

ನನ್ನ ಬಾಯಿಗೆ ಬೆಂಕಿ ಬೀಳಲಿ. ಅವತ್ತು ಸುಮ್ಮನಿದ್ದಿದ್ದರೆ ಪಟ್ಟಿ ಹಾಳಾಗುತ್ತಿತ್ತು, ಅಷ್ಟೇ. ಅಪ್ಪ ಮರವನ್ನೂ ನನ್ನನ್ನೂ ಬೈದು, ಮರುದಿನ ಇನ್ನೊಂದನ್ನು ಕೀಸಲು ಕೂರುತ್ತಿದ್ದ.